ವಿಶ್ವದ ಮಾತು, ಕೇಳುಗನ ಮರುಮಾತು

೧

ಗ್ರಂಥವನ್ನು ಓದುವವನಿಗೆ ಒಂದು ಸೌಕರ್ಯವುಂಟು. ಅರ್ಥವಾಗದ ವಾಕ್ಯವನ್ನು ಅವನು ಎರಡನೆಯ ಸಲ ಓದಬಹುದು. ಸಂದೇಹ ಬಂದರೆ ಪುಟವನ್ನು ಹಿಂದಕ್ಕೆ ತಿರುವಬಹುದು. ಅಂಚಿನಲ್ಲಿ ಗುರುತು ಹಾಕಿ ಮರುದಿನ ಯೋಚಿಸಬಹುದು. ಕೇಳುವವನ ಸ್ಥಿತಿ ಹಾಗಲ್ಲ. ಒಂದು ಮಾತನ್ನು ತೂಗಿ ನೋಡುವಷ್ಟರಲ್ಲಿ ಅದರ ಹಿಂದಿನ ಮಾತು ಬಂದು ಹೋಗಿರುತ್ತದೆ. ಆದುದರಿಂದ ಅವನು ಮಾತಿಗಿಂತ ಹೆಚ್ಚಾಗಿ ಮಾತನಾಡುವವನ ಧ್ವನಿಯನ್ನು ನೆಚ್ಚುತ್ತಾನೆ. ನೆರೆಮನೆಯ ಸುದ್ದಿಯಾದರೆ ಹೋಗಿ ವಿಚಾರಿಸಿಕೊಂಡು ಬರಬಹುದು. ಕೋಟ್ಯಂತರ ಜ್ಯೋತಿರ್ವರ್ಷಗಳ ಆಚೆಯ ಸುದ್ದಿಯನ್ನು ವಿಚಾರಿಸುವುದೆಲ್ಲಿ? ವಿಜ್ಞಾನದ, ಅದರಲ್ಲಿಯೂ ಬಾಹ್ಯಾಕಾಶದ, ವಿಷಯದಲ್ಲಿ ಕೇಳುಗನು ಸಾಲ ಕೊಡುವವನಂತೆ ವಿಶ್ವಾಸವನ್ನು ಮುಂಗಡವಾಗಿಯೇ ಕೊಡಬೇಕಾಗುತ್ತದೆ.

ಇಂದು ಈ ಕೊಡುಕೊಳ್ಳುವಿಕೆ ಹಿಂದೆಂದಿಗಿಂತಲೂ ವಿಪುಲವಾಗಿ ನಡೆಯುತ್ತಿದೆ. ೨೦೦೪ರಲ್ಲಿ ಬ್ರಿಟಿಷ್ ಪತ್ರಿಕೆಯೊಂದರ ಲೇಖನದಲ್ಲಿ ಮೊದಲು ಕಾಣಿಸಿಕೊಂಡ ‘ಪಾಡ್‌ಕಾಸ್ಟ್’ ಎಂಬ ಪದವು ಈಗ ಮನೆಮಾತಾಗಿದೆ. ಮುಂಬಯಿಯ ಲೋಕಲ್ ಗಾಡಿಯಲ್ಲಿ ಕಂಬಿ ಹಿಡಿದು ನಿಂತ ಗುಮಾಸ್ತನೂ ಪುಣೆಯ ಬಸ್ಸಿನಲ್ಲಿ ಕುಳಿತ ವಿದ್ಯಾರ್ಥಿನಿಯೂ ತಂತ್ರಜ್ಞಾನದ ಹರಟೆಯನ್ನು ಕಿವಿಯಲ್ಲಿಟ್ಟುಕೊಂಡು ಪ್ರಯಾಣ ಮಾಡುತ್ತಾರೆ. ಹೊಸ ದೂರವಾಣಿಯ ಗುಣದೋಷದಿಂದ ಆರಂಭವಾದ ಸಂಭಾಷಣೆ ಅರ್ಧಗಂಟೆಯೊಳಗೆ ಕೃಷ್ಣವಿವರಕ್ಕೋ ಮಂಗಳಗ್ರಹಕ್ಕೋ ವಿಶ್ವದ ಆದಿಗೋ ಹೊರಳುವುದುಂಟು. ಕೇಳಿದವರಲ್ಲಿ ಕೆಲವರು ಮರುಮಾತು ಬರೆಯುತ್ತಾರೆ. ಒಬ್ಬನು ವಿಸ್ಮಯಪಡುತ್ತಾನೆ, ಇನ್ನೊಬ್ಬನು ಅಂಕಿಯನ್ನು ತಿದ್ದುತ್ತಾನೆ, ಮತ್ತೊಬ್ಬನು ತನ್ನ ಧರ್ಮಕ್ಕೆ ಧಕ್ಕೆ ಬಂತೆಂದು ಸಿಡಿಮಿಡಿಗೊಳ್ಳುತ್ತಾನೆ, ಆಕಾಶದ ಮಾತು ಸಾಕು, ಯಂತ್ರದ ಮಾತಿಗೆ ಬನ್ನಿರೆಂದು ಕೇಳುವವನೂ ಇದ್ದಾನೆ.

ಈ ಮರುಮಾತುಗಳಿಂದ ತಿಳಿಯತಕ್ಕುದೇನು? ಪ್ರಶ್ನೆ ಹೊಸದಾಗಿ ತೋರಿದರೂ ಹಳೆಯದು. ಬಾನುಲಿಯ ಇತಿಹಾಸದಲ್ಲಿ ಇದಕ್ಕೆ ಎರಡು ಪ್ರಸಿದ್ಧ ನಿದರ್ಶನಗಳಿವೆ. ಒಂದು ಅಮೆರಿಕದ್ದು, ೧೯೩೮ರದು. ಇನ್ನೊಂದು ಇಂಗ್ಲೆಂಡಿನದು, ೧೯೪೯–೫೦ರದು. ಇವೆರಡನ್ನೂ ಪರಿಶೀಲಿಸಿದರೆ ಇಂದಿನ ವಿಷಯವೂ ವಿಶದವಾಗುತ್ತದೆ.

೨

ಬಾನುಲಿಗೂ ಮನಶ್ಶಾಸ್ತ್ರಕ್ಕೂ ಇರುವ ನಂಟು ಕನ್ನಡಿಗರಿಗೆ ಅಪರಿಚಿತವಲ್ಲ. ೧೯೩೫ರಲ್ಲಿ ಮೈಸೂರಿನಲ್ಲಿ ಬಾನುಲಿ ಕೇಂದ್ರವೊಂದನ್ನು ಸ್ಥಾಪಿಸಿ ಅದನ್ನು ‘ಆಕಾಶವಾಣಿ’ ಎಂಬ ಹೆಸರಿನಿಂದ ನಡೆಸಿದ ಎಂ. ವಿ. ಗೋಪಾಲಸ್ವಾಮಿಯವರು ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಅದೇ ದಶಕದಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಹ್ಯಾಡ್ಲಿ ಕ್ಯಾಂಟ್ರಿಲ್ ಅವರು ಕೇಳುಗನ ಮನಸ್ಸನ್ನು ಕುರಿತು ವ್ಯಾಸಂಗ ನಡೆಸುತ್ತಿದ್ದರು. ಅವರಿಗೆ ಅನಿರೀಕ್ಷಿತವಾಗಿ ಒಂದು ವಸ್ತು ಒದಗಿತು.

೧೯೩೮ರ ಅಕ್ಟೋಬರ್ ೩೦ರ ರಾತ್ರಿ ಆರ್ಸನ್ ವೆಲ್ಸ್ ಅವರ ತಂಡವು ಎಚ್. ಜಿ. ವೆಲ್ಸ್ ಅವರ ಕಾದಂಬರಿಯೊಂದನ್ನು ಬಾನುಲಿ ನಾಟಕವಾಗಿ ಪ್ರಸಾರ ಮಾಡಿತು. ಮಂಗಳಗ್ರಹದವರು ಭೂಮಿಗೆ ದಾಳಿಯಿಟ್ಟರೆಂಬುದು ಅದರ ಕಥೆ. ನಾಟಕದ ಪೂರ್ವಭಾಗವನ್ನು ಸುದ್ದಿಯ ರೂಪದಲ್ಲಿ ಹೆಣೆಯಲಾಗಿತ್ತು: ಸಂಗೀತ ನಡೆಯುತ್ತಿರುವಾಗ ನಡುವೆ ತುರ್ತು ವಾರ್ತೆ, ಸ್ಥಳದಿಂದ ವರದಿ, ಖಗೋಳಶಾಸ್ತ್ರದ ಪ್ರಾಧ್ಯಾಪಕನೊಡನೆ ಸಂದರ್ಶನ. ಮ್ಯೂನಿಕ್ ಒಪ್ಪಂದದ ಆತಂಕ ಆಗಷ್ಟೇ ಕಳೆದಿತ್ತು. ಇಂಥ ತುರ್ತು ವಾರ್ತೆಗಳಿಗೆ ಜನರ ಕಿವಿ ಪಳಗಿತ್ತು. ದೇಶವೇ ದಿಕ್ಕೆಟ್ಟು ಓಡಿತೆಂದು ಮರುದಿನದ ಪತ್ರಿಕೆಗಳು ಸಾರಿದವು.

ಕ್ಯಾಂಟ್ರಿಲ್ ಅವರು ೧೩೫ ಜನರನ್ನು ಸಂದರ್ಶಿಸಿ ೧೯೪೦ರಲ್ಲಿ ತಮ್ಮ ಗ್ರಂಥವನ್ನು ಪ್ರಕಟಿಸಿದರು. ಅದರಲ್ಲಿ ಅವರು ಕೇಳುಗರನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಿದ್ದಾರೆ. ಕಾರ್ಯಕ್ರಮದ ಒಳಗಿನ ಅಸಂಗತಿಯನ್ನು ಕಂಡೇ ಇದು ನಾಟಕವೆಂದು ತಿಳಿದವರು ಮೊದಲನೆಯವರು. ಬೇರೆ ಕೇಂದ್ರವನ್ನು ತಿರುಗಿಸಿಯೋ ಪತ್ರಿಕೆಯಲ್ಲಿ ಕಾರ್ಯಕ್ರಮಪಟ್ಟಿಯನ್ನು ನೋಡಿಯೋ ನಿಜವನ್ನು ಅರಿತವರು ಎರಡನೆಯವರು. ಪರೀಕ್ಷಿಸಲು ಯತ್ನಿಸಿಯೂ ಭ್ರಮೆಯಲ್ಲೇ ಉಳಿದವರು ಮೂರನೆಯವರು. ಪರೀಕ್ಷಿಸುವ ಗೋಜಿಗೇ ಹೋಗದವರು ನಾಲ್ಕನೆಯವರು. ಪ್ರಾಧ್ಯಾಪಕರು, ಅಧಿಕಾರಿಗಳು ಮುಂತಾದ ತಜ್ಞರ ಧ್ವನಿ ಕೇಳಿಬಂದುದೂ ಜನರು ನಂಬಲು ಒಂದು ಕಾರಣವಾಯಿತೆಂದು ಅವರು ತೋರಿಸಿದರು. ಆ ಪ್ರಾಧ್ಯಾಪಕನಾದರೋ ಕಲ್ಪಿತ ಪಾತ್ರ. ಅವನಿಗೆ ಧ್ವನಿ ಕೊಟ್ಟವರು ಆರ್ಸನ್ ವೆಲ್ಸ್ ಅವರೇ. ಪಾಂಡಿತ್ಯವಿರಲಿಲ್ಲ, ಪಾಂಡಿತ್ಯದ ಧ್ವನಿಯಿತ್ತು. ಅಷ್ಟೇ ಸಾಕಾಯಿತು.

ಆದರೆ ಈ ಕಥೆಗೆ ಇನ್ನೊಂದು ಮುಖವುಂಟು. ನಂತರದ ಸಂಶೋಧಕರು ಆ ರಾತ್ರಿಯ ಭೀತಿಯ ಪ್ರಮಾಣವನ್ನೇ ಸಂದೇಹಿಸಿದ್ದಾರೆ. ವೆಲ್ಸ್ ಅವರಿಗೂ ಅಮೆರಿಕದ ಸರ್ಕಾರಕ್ಕೂ ಕೇಳುಗರು ಬರೆದ ಸುಮಾರು ೨,೦೦೦ ಪತ್ರಗಳು ಉಳಿದುಬಂದಿವೆ. ಎ. ಬ್ರಾಡ್ ಶ್ವಾರ್ಟ್ಜ್ ಅವರು ಇವನ್ನು ಓದಿ ೨೦೧೫ರಲ್ಲಿ ಬರೆದ ಗ್ರಂಥದಂತೆ, ಬರೆದವರಲ್ಲಿ ಬಹುಮಂದಿ ಹೆದರಿದವರೇ ಅಲ್ಲ. ನಾಟಕವನ್ನು ಮೆಚ್ಚಿದವರೂ ಹೆದರಿದವರನ್ನು ಹಳಿದವರೂ ಅವರಲ್ಲಿ ಅನೇಕರಿದ್ದರು. ಆ ರಾತ್ರಿ ಅದನ್ನು ಕೇಳಿದವರ ಸಂಖ್ಯೆಯೂ ಮೊದಲು ಎಣಿಸಿದುದಕ್ಕಿಂತ ಬಹಳ ಕಡಿಮೆಯಿದ್ದಿರಬೇಕು. ಬಾನುಲಿಯನ್ನು ಪ್ರತಿಸ್ಪರ್ಧಿಯೆಂದು ಭಾವಿಸಿದ್ದ ಪತ್ರಿಕೆಗಳು ಅದರ ಬೇಜವಾಬ್ದಾರಿಯನ್ನು ಎತ್ತಿತೋರಿಸಲು ಉತ್ಸುಕವಾಗಿದ್ದವು. ಹೀಗೆ, ಕೇಳುಗರ ಪ್ರತಿಕ್ರಿಯೆಯೆಂದು ಜಗತ್ತು ನಂಬಿದುದು ಬಹುಮಟ್ಟಿಗೆ ಆ ಪ್ರತಿಕ್ರಿಯೆಯ ಬಗೆಗೆ ಇತರರು ಆಡಿದ ಮಾತು.

೩

ಗದ್ದಲದಿಂದ ಕೇಳುಗನ ಮನಸ್ಸನ್ನು ಅಳೆಯಬಾರದೆಂಬುದು ಇದರಿಂದ ಸಿದ್ಧವಾಯಿತು. ಹಾಗಾದರೆ ಅಳೆಯುವ ಬಗೆ ಯಾವುದು? ಬ್ರಿಟನ್ನಿನ ಬಿ.ಬಿ.ಸಿ. ಸಂಸ್ಥೆಯು ಇದಕ್ಕಾಗಿ ೧೯೩೬ರಲ್ಲಿ ರಾಬರ್ಟ್ ಸಿಲ್ವಿ ಅವರನ್ನು ನೇಮಿಸಿ ಶ್ರೋತೃಸಂಶೋಧನೆಯನ್ನು ಆರಂಭಿಸಿತು. ತಾವಾಗಿ ಪತ್ರ ಬರೆಯುವವರು ಎಲ್ಲ ಕೇಳುಗರ ಪ್ರತಿನಿಧಿಗಳಲ್ಲವೆಂಬುದು ಸಿಲ್ವಿಯವರಿಗೆ ಚೆನ್ನಾಗಿ ತಿಳಿದಿತ್ತು. ಅತಿಯಾಗಿ ಮೆಚ್ಚಿದವನೂ ಅತಿಯಾಗಿ ಮುನಿದವನೂ ಲೇಖನಿ ಹಿಡಿಯುತ್ತಾರೆ, ನಡುವಿನವನು ಸುಮ್ಮನಿರುತ್ತಾನೆ. ಈ ನಡುವಿನವನನ್ನು ಮಾತನಾಡಿಸುವುದೇ ಅವರ ಉದ್ದೇಶ.

ಅದಕ್ಕಾಗಿ ಎರಡು ಉಪಾಯಗಳನ್ನು ಅನುಸರಿಸಲಾಯಿತು. ಹಿಂದಿನ ದಿನ ಏನನ್ನು ಕೇಳಿದಿರೆಂದು ಪ್ರತಿದಿನವೂ ಬೇರೆಬೇರೆ ಜನರನ್ನು ಕಂಡು ವಿಚಾರಿಸುವುದು ಒಂದು. ಇದರಿಂದ ಕೇಳಿದವರ ಸಂಖ್ಯೆ ತಿಳಿಯುತ್ತಿತ್ತು. ಆಯ್ದ ಶ್ರೋತೃಮಂಡಲಿಯ ಸದಸ್ಯರಿಂದ ಕಾರ್ಯಕ್ರಮಗಳಿಗೆ ಅಂಕ ಪಡೆಯುವುದು ಇನ್ನೊಂದು. ಅತ್ಯುತ್ತಮದಿಂದ ಅತ್ಯಧಮದವರೆಗೆ ಐದು ಮೆಟ್ಟಿಲುಗಳ ಶ್ರೇಣಿಯಲ್ಲಿ ಅವರು ತಮ್ಮ ಅಭಿಪ್ರಾಯವನ್ನು ಗುರುತಿಸಬೇಕು. ಅದನ್ನು ಸೊನ್ನೆಯಿಂದ ನೂರರವರೆಗಿನ ಒಂದೇ ಸಂಖ್ಯೆಯಾಗಿ ಪರಿವರ್ತಿಸಲಾಗುತ್ತಿತ್ತು. ಇದಕ್ಕೆ ಮೆಚ್ಚುಗೆಯ ಸೂಚ್ಯಂಕವೆಂದು ಹೆಸರು. ಎಷ್ಟು ಮಂದಿ ಕೇಳಿದರೆಂಬುದೂ ಕೇಳಿದವರು ಎಷ್ಟು ಮೆಚ್ಚಿದರೆಂಬುದೂ ಬೇರೆಬೇರೆ ಲೆಕ್ಕಗಳು. ಒಂದನ್ನು ಇನ್ನೊಂದರ ಖಾತೆಗೆ ಬರೆಯಲಾಗದು. ಸ್ವಲ್ಪ ಮಂದಿಯೇ ಕೇಳುವ ಗಹನವಾದ ವಿಜ್ಞಾನೋಪನ್ಯಾಸವು ಕೇಳಿದ ಸ್ವಲ್ಪ ಮಂದಿಯ ಬಾಳಿನಲ್ಲಿ ದೊಡ್ಡ ಘಟನೆಯಾಗಬಹುದೆಂಬುದು ಈ ವಿವೇಚನೆಯ ಫಲ. ಇಂಥ ಕಾರ್ಯಕ್ರಮಗಳಿಗಾಗಿಯೇ ಬಿ.ಬಿ.ಸಿ. ೧೯೪೬ರ ಸೆಪ್ಟೆಂಬರಿನಲ್ಲಿ ‘ಥರ್ಡ್ ಪ್ರೋಗ್ರಾಂ’ ಎಂಬ ಮೂರನೆಯ ವಾಹಿನಿಯನ್ನು ತೆರೆಯಿತು. ಎರಡನೆಯ ನಿದರ್ಶನ ಆ ವಾಹಿನಿಗೆ ಸೇರಿದುದು.

೪

ಫ್ರೆಡ್ ಹಾಯ್ಲ್ ಅವರು ಕೇಂಬ್ರಿಜ್‌ನಲ್ಲಿ ಗಣಿತದ ಅಧ್ಯಾಪಕರಾಗಿದ್ದರು. ಹರ್ಮನ್ ಬಾಂಡಿ ಮತ್ತು ಥಾಮಸ್ ಗೋಲ್ಡ್ ಅವರಂತೆಯೇ ಅವರೂ ೧೯೪೮ರಲ್ಲಿ ಸ್ಥಿರಸ್ಥಿತಿ ಸಿದ್ಧಾಂತವನ್ನು ಮಂಡಿಸಿದ್ದರು. ವಿಶ್ವವು ಹಿಗ್ಗುತ್ತಿದೆಯೆಂಬುದನ್ನು ಈ ಸಿದ್ಧಾಂತವು ಅಲ್ಲಗಳೆಯುವುದಿಲ್ಲ. ಹಿಗ್ಗಿದಂತೆಲ್ಲ ತೆರವಾದ ಎಡೆಯಲ್ಲಿ ಹೊಸ ದ್ರವ್ಯವು ಎಡೆಬಿಡದೆ ಹುಟ್ಟುತ್ತಿರುತ್ತದೆ; ಆದುದರಿಂದ ವಿಶ್ವದ ಸಾಂದ್ರತೆ ಎಂದೆಂದಿಗೂ ಒಂದೇ ತೆರನಾಗಿರುತ್ತದೆ, ಅದಕ್ಕೆ ಆದಿಯೂ ಇಲ್ಲ, ಅಂತ್ಯವೂ ಇಲ್ಲ ಎಂಬುದು ಅದರ ಸಾರ. ಹೊಸ ದ್ರವ್ಯ ಹುಟ್ಟುವ ಗತಿ ಅತ್ಯಲ್ಪ. ಲಂಡನ್ನಿನ ಸೇಂಟ್ ಪಾಲ್ ದೇವಾಲಯದಷ್ಟು ದೊಡ್ಡ ಸ್ಥಳದಲ್ಲಿ ವರ್ಷಕ್ಕೆ ಸುಮಾರು ಒಂದು ಪರಮಾಣು ಎಂದು ಹಾಯ್ಲ್ ಅವರು ತಮ್ಮ ಕೇಳುಗರಿಗೆ ಹೋಲಿಸಿ ಹೇಳಿದರು. ವಿಜಾಪುರದ ಗೋಲಗುಮ್ಮಟದ ಒಳಗೆ ನಿಂತು ಮೇಲೆ ನೋಡಿದವನು ಈ ಹೋಲಿಕೆಯ ಬಲವನ್ನು ಬಲ್ಲ. ಸಮೀಕರಣವು ಕಾಗದದ ಮೇಲೆ ಹೇಳುವುದನ್ನು ಕಿವಿಗೆ ಒಂದು ಕಟ್ಟಡ ಹೇಳಬೇಕು.

ಎದುರಾಳಿ ಸಿದ್ಧಾಂತಕ್ಕೂ ಹೀಗೆ ಒಂದು ಚಿತ್ರ ಬೇಕಾಯಿತು. ೧೯೪೯ರ ಮಾರ್ಚ್ ೨೮ರ ಸಂಜೆ ಥರ್ಡ್ ಪ್ರೋಗ್ರಾಂನಲ್ಲಿ ಮಾತನಾಡುತ್ತ, ದೂರದ ಭೂತಕಾಲದ ಒಂದು ಗೊತ್ತಾದ ಗಳಿಗೆಯಲ್ಲಿ ವಿಶ್ವದ ಸಮಸ್ತ ದ್ರವ್ಯವೂ ಒಮ್ಮೆಗೇ ಉಂಟಾಯಿತೆಂಬ ವಾದವನ್ನು ಅವರು ‘ಬಿಗ್ ಬ್ಯಾಂಗ್’ ಎಂದು ಕರೆದರು. ಕನ್ನಡದಲ್ಲಿ ನಾವು ‘ಮಹಾಸ್ಫೋಟ’ವೆನ್ನುವುದು ಇದನ್ನೇ. ಇಂಗ್ಲಿಷಿನ ಮೂಲಪದದಲ್ಲಿ ಸಂಸ್ಕೃತಪದದ ಗಾಂಭೀರ್ಯವಿಲ್ಲ. ‘ದೊಡ್ಡ ಢಮಾರ್’ ಎಂದರೆ ಅದರ ಧಾಟಿಗೆ ಹತ್ತಿರವಾದೀತು. ಅದು ಪರಿಹಾಸದ ಮಾತೆಂದು ಅನೇಕರು ಬರೆದಿದ್ದಾರೆ. ಹಾಯ್ಲ್ ಅವರಾದರೋ ಅದನ್ನು ಒಪ್ಪಲಿಲ್ಲ. ಬಾನುಲಿಯಲ್ಲಿ ಚಿತ್ರ ತೋರಿಸಲಾಗದುದರಿಂದ ಕಣ್ಣಿಗೆ ಕಟ್ಟುವಂಥ ಮಾತನ್ನು ಹುಡುಕಿದೆನೆಂದು ಅವರು ಹೇಳುತ್ತಿದ್ದರು. ಆಧುನಿಕ ಖಗೋಳಶಾಸ್ತ್ರದ ಅತ್ಯಂತ ಪ್ರಸಿದ್ಧವಾದ ಹೆಸರು ಹುಟ್ಟಿದುದು ಹೀಗೆ ಕೇಳುಗನ ಕಿವಿಗಾಗಿ.

೧೯೫೦ರ ಆರಂಭದಲ್ಲಿ ವಿಶ್ವದ ಸ್ವರೂಪವನ್ನು ಕುರಿತು ಅವರು ಐದು ಉಪನ್ಯಾಸಗಳನ್ನು ನೀಡಿದರು. ನಿರ್ಮಾಪಕರು ಇತಿಹಾಸಕಾರರಾದ ಪೀಟರ್ ಲ್ಯಾಸ್ಲೆಟ್. ಹಾಯ್ಲ್ ಅವರ ಯಾರ್ಕ್‌ಶೈರ್ ನುಡಿ ಬಿ.ಬಿ.ಸಿ.ಯ ಅಂದಿನ ಸಂಸ್ಕರಿತ ಉಚ್ಚಾರಣೆಗಿಂತ ಬೇರೆಯಾಗಿತ್ತು. ಮಾತು ನೇರ, ಹೋಲಿಕೆ ದಿನಬಳಕೆಯದು. ಉಪನ್ಯಾಸಗಳು ಅದೇ ವರ್ಷ ಬಹುಜನರು ಕೇಳುವ ಹೋಮ್ ಸರ್ವಿಸ್‌ನಲ್ಲಿ ಮರುಪ್ರಸಾರವಾದವು, ಪುಸ್ತಕವಾಗಿಯೂ ಹೊರಬಂದವು. ಯುದ್ಧದ ಬಳಲಿಕೆಯಿಂದ ಇನ್ನೂ ಚೇತರಿಸಿಕೊಳ್ಳದ, ಆಹಾರದ ಪಡಿತರವನ್ನು ಇನ್ನೂ ಎಣಿಸಿ ತರುತ್ತಿದ್ದ ಜನರು ನಕ್ಷತ್ರಗಳ ಹುಟ್ಟುಸಾವುಗಳ ಕಥೆಯನ್ನು ತನ್ಮಯರಾಗಿ ಕೇಳಿದರು.

೫

ಮರುಮಾತು ಬರಲು ತಡವಾಗಲಿಲ್ಲ. ಕೊನೆಯ ಉಪನ್ಯಾಸದಲ್ಲಿ ಹಾಯ್ಲ್ ಅವರು ಧರ್ಮವನ್ನು ಕುರಿತು ತಮ್ಮ ಸ್ವಂತ ಅಭಿಪ್ರಾಯವನ್ನು ಹೇಳಿದ್ದರು. ಮನುಷ್ಯನು ತನ್ನ ಭಯಾನಕವಾದ ಸ್ಥಿತಿಯಿಂದ ತಪ್ಪಿಸಿಕೊಳ್ಳಲು ಮಾಡುವ ಕುರುಡು ಯತ್ನವೇ ಧರ್ಮವೆಂಬುದು ಅದರ ತಾತ್ಪರ್ಯ. ಕ್ರೈಸ್ತ ಶ್ರದ್ಧೆಯವರು ಇದರಿಂದ ನೊಂದರು. ಪತ್ತೇದಾರಿ ಕಾದಂಬರಿಗಳ ಕರ್ತ್ರಿಯೂ ಧರ್ಮವಿಚಾರಗಳ ಲೇಖಕಿಯೂ ಆಗಿದ್ದ ಡೊರೊತಿ ಸೇಯರ್ಸ್ ಅವರು ಪ್ರತಿವಾದಿಗಳಲ್ಲಿ ಒಬ್ಬರು. ಗಣಿತದಲ್ಲಿ ನಿಷ್ಣಾತನಾದವನಿಗೆ ಆತ್ಮದ ವಿಷಯದಲ್ಲಿಯೂ ಅದೇ ಅಧಿಕಾರವುಂಟೇ ಎಂಬ ಪ್ರಶ್ನೆ ಈ ವಾದವಿವಾದದ ತಳದಲ್ಲಿತ್ತು.

ಎರಡನೆಯ ಆಕ್ಷೇಪ ಬಂದುದು ವಿಜ್ಞಾನಿಗಳಿಂದಲೇ. ಹೆಚ್ಚು ಮುಖ್ಯವಾದುದೂ ಅದೇ. ಟೊರಾಂಟೋದ ಖಗೋಳಜ್ಞರಾದ ರಾಲ್ಫ್ ವಿಲಿಯಮ್ಸನ್ ಅವರು ೧೯೫೧ರಲ್ಲಿ ಕೆನಡಾದ ಬಾನುಲಿಯಿಂದಲೇ ಹಾಯ್ಲ್ ಅವರ ಉಪನ್ಯಾಸಗಳನ್ನು ವಿಮರ್ಶಿಸಿದರು. ಎಲ್ಲರೂ ಒಪ್ಪಿದ ಸಂಗತಿಗಳನ್ನೂ ತಮ್ಮ ಸ್ವಂತ ಊಹೆಗಳನ್ನೂ ಹಾಯ್ಲ್ ಒಂದೇ ಧ್ವನಿಯಲ್ಲಿ ಹೇಳಿಬಿಡುತ್ತಾರೆ. ಯಾವುದು ಯಾವುದೆಂದು ಸಾಮಾನ್ಯ ಕೇಳುಗನು ಅರಿಯುವುದು ಹೇಗೆ? ಇದು ಅವರ ದೂರು.

ಇಲ್ಲಿ ವ್ಯಾಪಾರದ ಹಳೆಯ ಪದ್ಧತಿಯೊಂದನ್ನು ನೆನೆಯಬಹುದು. ಸಾಹುಕಾರನ ಪೆಟ್ಟಿಗೆಯಲ್ಲಿ ನಗದೂ ಇರುತ್ತದೆ, ಹುಂಡಿಯೂ ಇರುತ್ತದೆ. ಎರಡೂ ಆಸ್ತಿಯೇ. ಆದರೆ ಹುಂಡಿಯು ಇನ್ನೂ ವಸೂಲಾಗಬೇಕಾದ ಹಣ. ಅದನ್ನು ನಗದೆಂದು ಬರೆದಿಟ್ಟರೆ ಲೆಕ್ಕವೇ ಸುಳ್ಳಾಗುತ್ತದೆ. ವಿಜ್ಞಾನದಲ್ಲಿ ಪ್ರಮಾಣಸಿದ್ಧವಾದುದು ನಗದು, ಊಹೆ ಹುಂಡಿ. ಹುಂಡಿಯಿಲ್ಲದೆ ವ್ಯಾಪಾರ ಬೆಳೆಯದು, ಊಹೆಯಿಲ್ಲದೆ ವಿಜ್ಞಾನ ಬೆಳೆಯದು. ಅವುಗಳ ಗುರುತು ಅಳಿಸಿಹೋದರೆ ಮಾತ್ರ ಕೇಳುಗನಿಗೆ ನಷ್ಟ.

ಹಾಯ್ಲ್ ಅವರ ಪೆಟ್ಟಿಗೆಯನ್ನು ಇಂದು ತೆರೆದು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಭಾರವಾದ ಮೂಲವಸ್ತುಗಳು ನಕ್ಷತ್ರಗಳ ಒಡಲಲ್ಲಿ ಹುಟ್ಟುತ್ತವೆಂಬ ಅವರ ವಿಚಾರ ೧೯೫೭ರಲ್ಲಿ ಮೂವರು ಸಹಕಾರಿಗಳೊಡನೆ ಅವರು ಪ್ರಕಟಿಸಿದ ಲೇಖನದಿಂದ ದೃಢವಾಯಿತು. ಇಂದಿಗೂ ಅದು ವಿಜ್ಞಾನದ ಸ್ಥಿರಾಸ್ತಿ. ಸೂರ್ಯನಿಗೆ ಹಿಂದೆ ಜೊತೆಗಾರ ನಕ್ಷತ್ರವೊಂದಿತ್ತು, ಅದು ಸಿಡಿದುದರಿಂದ ಗ್ರಹಗಳಾದವು ಎಂಬ ಅವರ ಊಹೆ ಬಿದ್ದುಹೋಯಿತು. ಸ್ಥಿರಸ್ಥಿತಿ ಸಿದ್ಧಾಂತವೂ ಉಳಿಯಲಿಲ್ಲ. ೧೯೬೫ರಲ್ಲಿ ಆರ್ನೋ ಪೆಂಜಿಯಾಸ್ ಮತ್ತು ರಾಬರ್ಟ್ ವಿಲ್ಸನ್ ಅವರು ಆಕಾಶದ ಎಲ್ಲ ದಿಕ್ಕಿನಿಂದಲೂ ಸಮನಾಗಿ ಬರುವ ಮಂದವಾದ ಸೂಕ್ಷ್ಮತರಂಗ ವಿಕಿರಣವನ್ನು ಕಂಡುದನ್ನು ಪ್ರಕಟಿಸಿದರು. ವಿಶ್ವವು ಒಂದು ಕಾಲದಲ್ಲಿ ಸಾಂದ್ರವೂ ಅತ್ಯುಷ್ಣವೂ ಆಗಿತ್ತೆಂಬುದಕ್ಕೆ ಅದು ಸಾಕ್ಷಿಯಾಯಿತು. ಹದಿನೈದು ವರ್ಷಗಳ ಹಿಂದೆ ಈ ಮೂರು ಮಾತುಗಳನ್ನೂ ಒಂದೇ ಧ್ವನಿಯಲ್ಲಿ ಕೇಳಿ ಒಂದೇ ತೂಕದಲ್ಲಿ ನಂಬಿದವನು ಎರಡು ಬಿದ್ದುದನ್ನು ಕಂಡು ಮೂರನೆಯದನ್ನೂ ಸಂದೇಹಿಸಿದರೆ ಅವನ ತಪ್ಪೇನು? ‘ವಿಜ್ಞಾನಿಗಳು ಇಂದೊಂದು ಹೇಳುತ್ತಾರೆ, ನಾಳೆಯೊಂದು’ ಎಂಬ ಜನರ ಮಾತು ಹುಟ್ಟುವುದು ಇಲ್ಲಿಯೇ. ಊಹೆ ಬಿದ್ದುದು ವಿಜ್ಞಾನದ ದೋಷವಲ್ಲ. ಊಹೆಯೆಂದು ಹೇಳದೆ ಹೋದುದು ಉಪನ್ಯಾಸದ ದೋಷ.

ಇಷ್ಟಾದರೂ ಹಾಯ್ಲ್ ಅವರ ಕೊಡುಗೆಯನ್ನು ಕಿರಿದೆಣಿಸಲಾಗದು. ಅವರ ಧ್ವನಿ ಕೇಳುಗರನ್ನು ಎಬ್ಬಿಸಿತು. ಎದ್ದುದರಿಂದಲೇ ಅವರು ಎದುರಾಡಿದರು. ಅವರು ವಿರೋಧಿಸಿದ ಸಿದ್ಧಾಂತಕ್ಕೆ ಅವರೇ ಇಟ್ಟ ಹೆಸರು ಅವರ ಸಿದ್ಧಾಂತಕ್ಕಿಂತ ಹೆಚ್ಚು ಕಾಲ ಬಾಳಿತು. ೧೯೯೩ರಲ್ಲಿ ಅಮೆರಿಕದ ‘ಸ್ಕೈ ಅಂಡ್ ಟೆಲಿಸ್ಕೋಪ್’ ಪತ್ರಿಕೆಯು ಬಿಗ್ ಬ್ಯಾಂಗಿಗೆ ಬದಲಾಗಿ ಬೇರೊಂದು ಹೆಸರನ್ನು ಸೂಚಿಸಿರೆಂದು ಸ್ಪರ್ಧೆಯೇರ್ಪಡಿಸಿದಾಗ ೧೩,೦೦೦ಕ್ಕೂ ಹೆಚ್ಚು ಸೂಚನೆಗಳು ಬಂದವು. ಕಾರ್ಲ್ ಸೇಗನ್ ಅವರೂ ಸೇರಿದ್ದ ತೀರ್ಪುಗಾರರು ಒಂದನ್ನೂ ಆರಿಸಲಿಲ್ಲ. ಕಿವಿಗಾಗಿ ಹುಟ್ಟಿದ ಮಾತನ್ನು ಕಾಗದ ಅಳಿಸಲಾರದೆ ಹೋಯಿತು.

೬

ಈಗ ಪಾಡ್‌ಕಾಸ್ಟಿಗೆ ಮರಳಬಹುದು. ಅದರ ಕೇಳುಗನಿಗೆ ಹಿಂದಿನವನಿಗಿಲ್ಲದ ಅನುಕೂಲಗಳಿವೆ. ಮಾತನ್ನು ಹಿಂದಕ್ಕೆ ಸರಿಸಿ ಮತ್ತೆ ಕೇಳಬಹುದು; ಸಂದೇಹವನ್ನು ಆ ಕ್ಷಣದಲ್ಲೇ ಬೇರೆಡೆ ಪರಿಶೀಲಿಸಬಹುದು; ಮರುಮಾತನ್ನು ಎಲ್ಲರೂ ಕಾಣುವಂತೆ ಬರೆಯಬಹುದು. ಕ್ಯಾಂಟ್ರಿಲ್ ಅವರ ಎರಡನೆಯ ವರ್ಗಕ್ಕೆ ಸೇರುವುದು ಇಂದು ಅತಿ ಸುಲಭ. ಆದರೆ ಸುಲಭವಾದುದನ್ನೆಲ್ಲ ಮನುಷ್ಯನು ಮಾಡುತ್ತಾನೆಂದು ಹೇಳಲಾಗದು. ಗಾಡಿಯಲ್ಲಿ ನಿಂತು ಕೇಳುವವನು ಹಿಂದಕ್ಕೆ ಸರಿಸಿ ಕೇಳುವುದು ಅಪರೂಪ.

ಅನುಕೂಲದೊಡನೆ ಹೊಸ ತೊಡಕೂ ಬಂದಿದೆ. ೧೯೫೬ರಲ್ಲಿ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬ ಅಮೆರಿಕದ ವಿದ್ವಾಂಸರು, ಬಾನುಲಿ ಮತ್ತು ದೂರದರ್ಶನದ ನಿರೂಪಕರನ್ನು ಪ್ರೇಕ್ಷಕರು ಆಪ್ತಮಿತ್ರರಂತೆ ಭಾವಿಸುತ್ತಾರೆಂದು ತೋರಿಸಿ, ಈ ಏಕಮುಖ ಸ್ನೇಹಕ್ಕೆ ಶಾಸ್ತ್ರೀಯವಾದ ಹೆಸರನ್ನು ಕೊಟ್ಟರು. ವಾರವಾರವೂ ಕಿವಿಯೊಳಗೇ ಬಂದು ಮಾತನಾಡುವ ಪಾಡ್‌ಕಾಸ್ಟಿನ ನಿರೂಪಕನಿಗೆ ಈ ಮಾತು ಇನ್ನಷ್ಟು ಅನ್ವಯಿಸುತ್ತದೆ. ಯಂತ್ರಗಳ ವಿಷಯದಲ್ಲಿ ಅವನು ಗಳಿಸಿದ ನಂಬಿಕೆ ನಕ್ಷತ್ರಗಳ ವಿಷಯಕ್ಕೂ ತಾನಾಗಿ ವರ್ಗಾವಣೆಯಾಗುತ್ತದೆ. ಹಾಯ್ಲ್ ಅವರು ಗಣಿತದಿಂದ ಧರ್ಮಕ್ಕೆ ದಾಟಿದಾಗ ಕೇಳುಗರು ತಡೆದು ಪ್ರಶ್ನಿಸಿದರು. ದಾಟು ದೊಡ್ಡದಾಗಿತ್ತು, ಕಣ್ಣಿಗೆ ಬಿತ್ತು. ದೂರವಾಣಿಯಿಂದ ಬಾಹ್ಯಾಕಾಶಕ್ಕೆ ದಾಟುವುದು ಒಂದೇ ಮನೆಯ ಕೋಣೆಯಿಂದ ಕೋಣೆಗೆ ಹೋದಂತೆ ತೋರುತ್ತದೆ, ಹೊಸಿಲು ಕಾಣುವುದಿಲ್ಲ.

ಇನ್ನು ಬರೆದ ಮರುಮಾತುಗಳನ್ನೇ ಎಲ್ಲ ಕೇಳುಗರ ಮನಸ್ಸೆಂದು ಎಣಿಸುವುದು ಸಿಲ್ವಿಯವರು ತಪ್ಪಿಸಿದ ದೋಷಕ್ಕೆ ಮತ್ತೆ ಬಿದ್ದಂತೆ. ಕೋಪವೂ ಹೊಗಳಿಕೆಯೂ ಲೇಖನಿ ಹಿಡಿಯುತ್ತವೆ. ಅರ್ಥವಾಗದವನ ನಾಚಿಕೆ ಲೇಖನಿ ಹಿಡಿಯುವುದಿಲ್ಲ. ವಿಜ್ಞಾನದ ಮಾತುಗಾರನಿಗೆ ಅತ್ಯಂತ ಉಪಯುಕ್ತವಾದ ಪ್ರತಿಕ್ರಿಯೆಯಾದರೋ ಈ ನಾಚಿಕೆಯವನದು. ಅಂಕಿಯನ್ನು ತಿದ್ದುವವನ ಪತ್ರವೂ ಬೆಲೆಯುಳ್ಳದ್ದೇ. ಅವನು ಲೆಕ್ಕ ತನಿಖೆ ಮಾಡುವವನು, ಸಂಬಳವಿಲ್ಲದೆ ಆ ಕೆಲಸ ಮಾಡುತ್ತಾನೆ. ಅವನ ತಿದ್ದುಪಡಿಯನ್ನು ಮುಂದಿನ ಕಂತಿನಲ್ಲಿ ಓದಿ ಒಪ್ಪಿಕೊಳ್ಳುವ ನಿರೂಪಕನು ತನ್ನ ಗೌರವವನ್ನು ಕಳೆದುಕೊಳ್ಳುವುದಿಲ್ಲ. ಇದು ಖಚಿತ, ಇದು ಸಂಭವ, ಇದು ಕೇವಲ ಊಹೆ ಎಂದು ಮೂರು ಬಗೆಯಾಗಿ ಗುರುತಿಸಿ ಹೇಳುವುದರಿಂದ ಮಾತಿನ ರಸಕ್ಕೆ ಕುಂದೇನೂ ಬಾರದು.

೭

ಹಾಯ್ಲ್ ಅವರ ಪರಂಪರೆಯ ಒಂದು ಕವಲು ಪಶ್ಚಿಮ ಭಾರತಕ್ಕೆ ಬಂದು ಬೆಳೆಯಿತು. ಕೊಲ್ಹಾಪುರದಲ್ಲಿ ೧೯೩೮ರಲ್ಲಿ ಹುಟ್ಟಿದ ಜಯಂತ ನಾರಳೀಕರ್ ಅವರು ಕೇಂಬ್ರಿಜ್‌ನಲ್ಲಿ ಹಾಯ್ಲ್ ಅವರ ಶಿಷ್ಯರಾಗಿ, ಗುರುವಿನೊಡನೆ ಗುರುತ್ವಾಕರ್ಷಣದ ಹೊಸ ಸಿದ್ಧಾಂತವೊಂದನ್ನು ರಚಿಸಿ, ೧೯೭೨ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಗೆ ಮರಳಿದರು. ೧೯೮೮ರಲ್ಲಿ ಪುಣೆಯ ಅಂತರವಿಶ್ವವಿದ್ಯಾಲಯ ಖಗೋಳಶಾಸ್ತ್ರ ಕೇಂದ್ರದ ಸ್ಥಾಪಕ ನಿರ್ದೇಶಕರಾದರು. ೨೦೨೫ರಲ್ಲಿ ಪುಣೆಯಲ್ಲಿಯೇ ನಿಧನರಾದರು. ಗುರುವಿನಂತೆ ಅವರೂ ಮಹಾಸ್ಫೋಟವನ್ನು ಕೊನೆಯವರೆಗೆ ಪ್ರಶ್ನಿಸಿದರು. ಗುರುವಿನಂತೆ ಜನರೊಡನೆ ಮಾತನಾಡಿದರು. ಮರುಮಾತನ್ನು ಬರಮಾಡಿಕೊಳ್ಳುವ ಕ್ರಮದಲ್ಲಿ ಮಾತ್ರ ಅವರದು ಬೇರೆಯ ದಾರಿ.

ಉಪನ್ಯಾಸ ಮುಗಿದ ಮೇಲೆ ಮಕ್ಕಳು ಹಸ್ತಾಕ್ಷರಕ್ಕಾಗಿ ಮುತ್ತಿಕೊಂಡರೆ ಅವರು ಅಲ್ಲಿ ಸಹಿ ಹಾಕುತ್ತಿರಲಿಲ್ಲ. ವಿಜ್ಞಾನದ ಒಂದು ಪ್ರಶ್ನೆಯನ್ನು ಅಂಚೆಕಾರ್ಡಿನಲ್ಲಿ ಬರೆದು ಕಳುಹಿಸಿ, ಉತ್ತರ ಬರೆಯುತ್ತೇನೆ, ಸಹಿ ಅದರ ಕೆಳಗೆ ಬರುತ್ತದೆ ಎನ್ನುತ್ತಿದ್ದರು. ಸುಮ್ಮನೆ ಕೇಳಿ ಮನೆಗೆ ಹೋಗಬಹುದಾಗಿದ್ದ ಹುಡುಗನು ಅಂಚೆಕಾರ್ಡು ಕೊಂಡು, ತನಗೆ ತಿಳಿಯದುದು ಯಾವುದೆಂದು ಯೋಚಿಸಿ, ಅದನ್ನು ತನ್ನ ಮಾತಿನಲ್ಲಿ ಬರೆಯಬೇಕಾಗುತ್ತಿತ್ತು. ನಾಚಿಕೆಯವನಿಗೂ ಅಲ್ಲಿ ಎಡೆಯಿತ್ತು. ಅವನ ಪ್ರಶ್ನೆಯನ್ನು ಅವನೂ ಉತ್ತರಿಸುವವರೂ ಹೊರತು ಮತ್ತಾರೂ ಓದಬೇಕಾಗಿರಲಿಲ್ಲ. ಮೆಚ್ಚುಗೆಯಾಗಿ ಆರಂಭವಾದುದು ಪ್ರಶ್ನೆಯಾಗಿ ಮುಗಿಯುತ್ತಿತ್ತು. ವಿಶ್ವವನ್ನು ಕುರಿತು ಮಾತನಾಡುವ ಇಂದಿನ ನಿರೂಪಕರೂ ತಮಗೆ ಬಂದ ಮರುಮಾತುಗಳಲ್ಲಿ ಹೊಗಳಿಕೆಯನ್ನೂ ಬೈಗುಳನ್ನೂ ಎಣಿಸುವುದಕ್ಕೆ ಮೊದಲು ಪ್ರಶ್ನೆಗಳನ್ನು ಎಣಿಸುವುದು ಲೇಸು.